ರುಚಿ ನೋಡದ ಅಡುಗೆ

ದೇವತೆಗೆ ಅರ್ಪಿಸಿದ ಅನ್ನವು ಅರ್ಪಣೆಯ ತರುವಾಯ ನೀರಸವಾಗುತ್ತದೆ, ಆದುದರಿಂದ ದುಂಬಿಯು ಹೂವಿನ ಮಧುವನ್ನು ಹೀರುವಂತೆ ದೇವತೆಯೂ ಅದರ ಸಾರವನ್ನು ಮಾತ್ರ ಗ್ರಹಿಸಿ ಶೇಷವನ್ನು ನಮಗೆ ಬಿಡುತ್ತದೆಯೆಂದು ತಿಳಿಯಬೇಕು ಎಂಬ ಪೂರ್ವಪಕ್ಷವನ್ನು ಶಬರಸ್ವಾಮಿಯು ಮೀಮಾಂಸಾಸೂತ್ರಗಳ ಒಂಬತ್ತನೆಯ ಅಧ್ಯಾಯದ ಭಾಷ್ಯದಲ್ಲಿ ಎತ್ತಿಕೊಂಡು, ಅನ್ನ ನೀರಸವಾಗುವುದು ಗಾಳಿ ತಾಗಿ ತಣ್ಣಗಾದುದರಿಂದಲೇ ಹೊರತು ದೇವತೆ ಉಂಡುದರಿಂದಲ್ಲ ಎಂದು ಉತ್ತರ ಕೊಡುತ್ತಾನೆ. ಈ ಮಾತನ್ನು ಹೇಳಿದವನು ವೇದವನ್ನು ಅಲ್ಲಗಳೆದ ಚಾರ್ವಾಕನಲ್ಲ. ಯಜ್ಞಕರ್ಮದ ಒಂದೊಂದು ಅಂಗವನ್ನೂ ಕಣ್ಣಿನ ರೆಪ್ಪೆಯಂತೆ ಕಾಯುವುದಕ್ಕೆ ತನ್ನ ಸಮಸ್ತ ಪಾಂಡಿತ್ಯವನ್ನೂ ಧಾರೆಯೆರೆದ ಭಾಷ್ಯಕಾರ. ದೇವತೆಗೆ ಶರೀರವಿಲ್ಲ, ದೇವತೆ ಉಣ್ಣುವುದಿಲ್ಲ, ಉಂಡು ಸಂತೋಷಪಟ್ಟು ಫಲವನ್ನು ಕೊಡುವುದೂ ಇಲ್ಲ. ದೇವತೆಯನ್ನು ಉದ್ದೇಶಿಸಿ ದ್ರವ್ಯದ ಮೇಲಿನ ಸ್ವತ್ವವನ್ನು ಬಿಡುವುದೇ ಯಾಗ, ಫಲವು ಕರ್ಮದಿಂದಲೇ ಸಿದ್ಧಿಸತಕ್ಕದ್ದು ಎಂಬುದು ಅವನ ಸಿದ್ಧಾಂತ.

ಕಳೆದ ಯುಗಾದಿಯ ಆಸುಪಾಸಿನಲ್ಲಿ ಈ ಭಾಗವನ್ನು ಓದಿದ ಮೇಲೆ, ವರ್ಷವೆಲ್ಲವೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಡದಿರುವುದಕ್ಕೆ ಕಾರಣವೂ ಇದೆ. ನಮ್ಮ ಕಡೆಯ ಮನೆಗಳಲ್ಲಿ ಸಂವತ್ಸರವೆಂಬುದು ಪಂಚಾಂಗದಲ್ಲಿ ಎಷ್ಟರಮಟ್ಟಿಗೆ ಇದೆಯೋ ಅಷ್ಟರಮಟ್ಟಿಗೆ ಒಲೆಯ ಮೇಲೆಯೂ ಇದೆ. ಯುಗಾದಿಗೆ ಬೇವು ಬೆಲ್ಲ ಮತ್ತು ಹೋಳಿಗೆ, ರಾಮನವಮಿಗೆ ಪಾನಕ ಕೋಸಂಬರಿ, ನಾಗರಪಂಚಮಿಗೆ ತಂಬಿಟ್ಟು, ಚೌತಿಗೆ ಕಡುಬು, ಸಂಕ್ರಾಂತಿಗೆ ಎಳ್ಳು ಬೆಲ್ಲ. ಇವುಗಳಲ್ಲಿ ಯಾವುದೂ ನೇರವಾಗಿ ಒಲೆಯಿಂದ ಬಾಯಿಗೆ ಬರುವುದಿಲ್ಲ, ನಡುವೆ ಒಂದು ಎಡೆಯಲ್ಲಿ ನಿಂತು ಬರುತ್ತದೆ. ಕಡೂರಿನ ರಾಗಿ ತೆಂಗುಗಳ ಬಯಲು, ತರೀಕೆರೆಯ ಅರೆಮಲೆನಾಡು, ಹಿಂದೆ ತರೀಕೆರೆಗೇ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾದ ಅಜ್ಜಂಪುರದ ಈರುಳ್ಳಿಯ ಹೊಲಗಳು, ಈ ಮೂರು ಸೀಮೆಗಳಲ್ಲಿ ಹರಡಿಕೊಂಡಿರುವ ನಮ್ಮ ನಂಟರ ಮನೆಗಳಲ್ಲಿ ಅಡುಗೆಯ ಬಗೆ ಬೇರೆಬೇರೆಯಾದರೂ ಎಡೆಯ ಕ್ರಮದಲ್ಲಿ ಭೇದವಿಲ್ಲ. ಆದುದರಿಂದ ಈ ವರ್ಷದ ಓದನ್ನು ಈ ನೆಲಕ್ಕೆ ಸೇರಿದ ಕವಿಗಳಿಗೂ ಶಾಸನಗಳಿಗೂ ಆದಷ್ಟು ಸೀಮಿತಗೊಳಿಸಿಕೊಂಡು, ಹಬ್ಬ ಬಂದಂತೆ ಪುಸ್ತಕವನ್ನು ತೆರೆಯುವ ಪದ್ಧತಿಯನ್ನು ಇಟ್ಟುಕೊಂಡೆನು.

ಯುಗಾದಿಯ ಅಡುಗೆಯನ್ನು ಹತ್ತಿರದಿಂದ ನೋಡಬೇಕು. ಮನೆಯಾಕೆ ಮಡಿಯುಟ್ಟು ಒಲೆಯ ಮುಂದೆ ಕುಳಿತರೆ ಎಡೆಯಾಗುವವರೆಗೆ ಯಾವುದನ್ನೂ ನಾಲಿಗೆಗೆ ಸೋಕಿಸುವಂತಿಲ್ಲ. ಬೇಳೆ ಬೆಂದು ಕಟ್ಟನ್ನು ಬಸಿದು ತೆಗೆದು, ಬೇಳೆಗೆ ಬೆಲ್ಲವನ್ನು ಹಾಕಿ ಹೂರಣ ರುಬ್ಬಿದ ಮೇಲೆ, ಕಟ್ಟಿನ ಸಾರಿಗೆ ಉಪ್ಪು ಹಾಕುವ ಸಮಯ ಬರುತ್ತದೆ. ಆಗ ಅವಳು ಅಂಗೈಯ ಕುಳಿಯಲ್ಲಿ ಕಲ್ಲುಪ್ಪನ್ನು ತೆಗೆದುಕೊಂಡು, ಒಂದು ಕ್ಷಣ ತೂಗಿ ನೋಡಿ, ನಾಲ್ಕು ಹರಳನ್ನು ಭರಣಿಗೆ ಮರಳಿ ಉದುರಿಸಿ, ಉಳಿದುದನ್ನು ಪಾತ್ರೆಗೆ ಬಿಡುತ್ತಾಳೆ. ಕುದಿ ಬಂದಾಗ ಮುಖವನ್ನು ಹಬೆಯ ಕಡೆಗೆ ಬಾಗಿಸಿ ವಾಸನೆಯಿಂದಲೇ ಹುಳಿ ಉಪ್ಪು ಖಾರಗಳ ತೀರ್ಪನ್ನು ಕೊಡುತ್ತಾಳೆ. ಎಳೆಯ ಮಗುವೊಂದು ಹಸಿದು ಹೋಳಿಗೆಗೆ ಕೈಚಾಚಿದರೆ, "ಇರು ಕಂದ, ಇನ್ನೂ ಎಡೆ ಆಗಿಲ್ಲ" ಎಂಬ ಒಂದು ಮಾತು ಅಡುಗೆಮನೆಯಿಂದ ಬರುತ್ತದೆ. ಶಬರಸ್ವಾಮಿಯು ದೇವತೆಗೆ ನಾಲಿಗೆಯಿಲ್ಲವೆಂದು ಸಾಧಿಸಿದನು. ಇಲ್ಲಿ ಅಡುಗೆ ಮಾಡುವವಳು ತನ್ನ ನಾಲಿಗೆಯನ್ನೇ ತಡೆಹಿಡಿದಿದ್ದಾಳೆ. ಉಣ್ಣದವನಿಗಾಗಿ ರುಚಿ ನೋಡದವಳು ಮಾಡುವ ಅಡುಗೆ ಇಷ್ಟು ರುಚಿಯಾಗಿರುವುದು ಹೇಗೆಂಬುದಕ್ಕೆ ಅಭ್ಯಾಸವೇ ಉತ್ತರವೆಂದು ಹೇಳಿಬಿಡಬಹುದಾದರೂ, ಆಕೆ ಮೊದಲ ರುಚಿಯನ್ನು ಬಿಟ್ಟುಕೊಡುವುದೇಕೆ ಎಂಬುದಕ್ಕೆ ಅಭ್ಯಾಸ ಉತ್ತರವಾಗದು.

ಶ್ರಾವಣದಲ್ಲಿ ಜೈಮಿನಿಭಾರತವನ್ನು ಓದುವುದು, ಓದಿಸಿ ಕೇಳುವುದು ನಮ್ಮ ನಾಡಿನ ಹಳೆಯ ರೂಢಿ. ಲಕ್ಷ್ಮೀಶ ಕವಿಯು ಕಾವ್ಯದುದ್ದಕ್ಕೂ ನೆನೆಯುವ ದೇವಪುರವೆಂಬುದು ನಮ್ಮ ಕಡೂರು ತಾಲ್ಲೂಕಿನ ದೇವನೂರೇ ಎಂಬ ನಂಬಿಕೆ ಈ ಸೀಮೆಯಲ್ಲಿ ದೃಢವಾಗಿದೆ. ಅಲ್ಲಿಯ ಲಕ್ಷ್ಮೀಕಾಂತನ ಗುಡಿಯ ಮುಂದೆ ನಿಂತವರಿಗೆ ಆ ನಂಬಿಕೆಯನ್ನು ಪ್ರಶ್ನಿಸುವ ಮನಸ್ಸು ಬಾರದು. ಕರ್ಮವನ್ನು ವಿಚಾರಿಸಿದ ಸೂತ್ರಕಾರನ ಹೆಸರೂ ಜೈಮಿನಿ, ಅಶ್ವಮೇಧದ ಕಥೆಯನ್ನು ಜನಮೇಜಯನಿಗೆ ಹೇಳಿದ ಮುನಿಯ ಹೆಸರೂ ಜೈಮಿನಿ ಎಂಬುದು ನನ್ನ ಈ ವರ್ಷದ ಓದಿಗೆ ಒದಗಿದ ಒಂದು ಭಾಗ್ಯವೆಂದೇ ಭಾವಿಸಿದ್ದೇನೆ. ಚಂದ್ರಹಾಸನ ಕಥೆಯನ್ನೂ ಸೀತಾಪರಿತ್ಯಾಗವನ್ನೂ ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡತಕ್ಕದ್ದೇ. ಆದರೆ ನನ್ನ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಓದುತ್ತಿದ್ದ ನನಗೆ ಬೇರೆ ಎರಡು ಕಥೆಗಳು ಎದುರಾಗಿ ನಿಂತವು.

ಒಂದು, ಯಜ್ಞಾಶ್ವವು ಕಲ್ಲೊಂದಕ್ಕೆ ಅಂಟಿಕೊಂಡು ನಿಂತುಬಿಟ್ಟಾಗ ಸೌಭರಿ ಮುನಿಯು ಅರ್ಜುನನಿಗೆ ಹೇಳುವ ಉದ್ದಾಲಕ ಮತ್ತು ಚಂಡಿಯರ ಕಥೆ. ಪತಿ ಹೇಳಿದುದಕ್ಕೆಲ್ಲ ವಿಪರೀತವನ್ನೇ ಮಾಡುವ ಚಂಡಿಯಿಂದ ಉದ್ದಾಲಕನು ತನ್ನ ತಂದೆಯ ಶ್ರಾದ್ಧವನ್ನು ನಡೆಸಬೇಕು; ಆದುದರಿಂದ, ಶ್ರಾದ್ಧ ಬೇಡ, ಒಳ್ಳೆಯ ಬ್ರಾಹ್ಮಣರನ್ನು ಕರೆಯಬೇಡ, ಒಳ್ಳೆಯ ಅಡುಗೆ ಬೇಡ ಎಂದು ಎಲ್ಲವನ್ನೂ ತಿರುಗಿಸಿ ಹೇಳುತ್ತಾ ಹೋಗುತ್ತಾನೆ, ಆಕೆಯೂ ಎಲ್ಲವನ್ನೂ ಯಥಾವಿಧಿಯಾಗಿ ನೆರವೇರಿಸುತ್ತಾ ಬರುತ್ತಾಳೆ. ಕಟ್ಟಕಡೆಗೆ ಸಂತೋಷದಲ್ಲಿ ಮೈಮರೆತು ಪಿಂಡವನ್ನು ಗಂಗೆಯಲ್ಲಿ ಬಿಡು ಎಂದು ನೇರವಾಗಿ ಹೇಳಿಬಿಟ್ಟಾಗ ಅದು ತಿಪ್ಪೆಗೆ ಹೋಗುತ್ತದೆ. ಶಾಪದಿಂದ ಆಕೆ ಶಿಲೆಯಾಗುತ್ತಾಳೆ. ಕೇಳುವ ಮಂದಿ ಈ ಕಥೆಗೆ ನಕ್ಕು ನಕ್ಕು ಸುಸ್ತಾಗುತ್ತಾರೆ. ನನಗೆ ತೋರಿದುದು ಇಷ್ಟು: ಪಿಂಡದ ತನಕ ಆ ಶ್ರಾದ್ಧ ನಿರ್ದುಷ್ಟವಾಗಿಯೇ ನಡೆಯಿತು, ಬಂದವರು ತೃಪ್ತಿಯಾಗಿ ಉಂಡರು, ಮಂತ್ರದಲ್ಲಿ ಲೋಪವಿರಲಿಲ್ಲ, ಆದರೆ ಬಡಿಸಿದವಳಲ್ಲಿ ಕೊಡುವ ಮನಸ್ಸು ಒಂದು ಗಳಿಗೆಯೂ ಇರಲಿಲ್ಲ. ಸೂತ್ರಕಾರನಾದ ಜೈಮಿನಿಯ ಪಕ್ಷದವರು ಅಂಥ ಕರ್ಮಕ್ಕೆ ಫಲವಿಲ್ಲವೆಂದು ಹೇಳಬೇಕಾದರೆ ಬಹಳ ಕಷ್ಟಪಡಬೇಕಾಗುತ್ತದೆ. ಸಂಕಲ್ಪಿಸಿದವನು ಉದ್ದಾಲಕನಷ್ಟೆ, ಆಕೆ ಸಹಾಯಕಳು ಮಾತ್ರವೆಂದು ವಾದಿಸಬೇಕಾಗುತ್ತದೆ.

ಇನ್ನೊಂದು, ಮಯೂರಧ್ವಜನ ಕಥೆ. ಸಿಂಹಕ್ಕೆ ಆಹಾರವಾಗಿ ರಾಜನ ದೇಹಾರ್ಧವನ್ನು ಬೇಡಿ ವೃದ್ಧ ಬ್ರಾಹ್ಮಣನ ವೇಷದಲ್ಲಿ ಬಂದ ಕೃಷ್ಣನ ಮುಂದೆ, ಗರಗಸ ತಲೆಯ ಮೇಲೆ ಬಿದ್ದಿರುವಾಗ, ರಾಜನ ಎಡಗಣ್ಣಿನಲ್ಲಿ ನೀರು ತೊಟ್ಟಿಕ್ಕುತ್ತದೆ. ಅಳುತ್ತ ಕೊಟ್ಟ ದಾನವನ್ನು ಒಲ್ಲೆನೆಂದು ಬೇಡಿದವನು ಎದ್ದು ಹೊರಡುತ್ತಾನೆ. ಬಲಭಾಗವು ಸಾರ್ಥಕವಾಯಿತು, ತನಗೆ ಆ ಭಾಗ್ಯವಿಲ್ಲವಲ್ಲಾ ಎಂದು ಎಡಭಾಗವು ಅಳುತ್ತಿದೆ ಎಂಬ ಉತ್ತರ ಬಂದ ಮೇಲೆಯೇ ಅವನು ತನ್ನ ನಿಜರೂಪವನ್ನು ತೋರಿಸುವುದು. ದ್ರವ್ಯ ಸಿದ್ಧವಾಗಿದೆ, ತ್ಯಾಗವೂ ನಡೆಯುತ್ತಿದೆ, ಗರಗಸ ನಿಂತಿಲ್ಲ. ಆದರೂ ಪಡೆಯುವವನು ಕೊಡುವವನ ಕಣ್ಣನ್ನು ನೋಡುತ್ತಿದ್ದಾನೆ. ಚಂಡಿಯ ಮನೆಯಲ್ಲಿ ಯಾರೂ ನೋಡದಿದ್ದುದನ್ನು ಇಲ್ಲಿ ಒಬ್ಬನು ನೋಡಿದನು. ಒಂದೇ ಕಾವ್ಯದಲ್ಲಿ ಈ ಎರಡೂ ಕಥೆಗಳನ್ನು ಹಾಡಿದ ಲಕ್ಷ್ಮೀಶನು ಅವುಗಳ ನಡುವೆ ತೀರ್ಪು ಹೇಳುವ ಗೋಜಿಗೆ ಹೋಗಲಿಲ್ಲ. ನಾದದಲ್ಲಿಯೇ ಲೀನನಾದ ಕವಿ ಅವನು. ತೀರ್ಪನ್ನು ಹೇಳಿದವನು ಅವನಿಗಿಂತ ಹಿಂದಿನವನಾದ ಜನ್ನ.

ಮಹಾಲಯಪಕ್ಷದಲ್ಲಿ ತರೀಕೆರೆಯ ನೆಂಟರ ಮನೆಗೆ ಹೋಗಬೇಕಾದ ಪ್ರಸಂಗ ಬಂದುದರಿಂದ ಅಮೃತಾಪುರಕ್ಕೂ ಹೋಗಿಬಂದೆನು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಆ ಶಿವಾಲಯದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಭಾರತ, ಭಾಗವತಗಳ ಕಥೆಗಳು ಸಾಲುಸಾಲಾಗಿ ಕೆತ್ತಲ್ಪಟ್ಟಿವೆ; ಮಲ್ಲಿತಮ್ಮನೆಂಬ ಪ್ರಖ್ಯಾತ ಶಿಲ್ಪಿಯು ಎಳೆಯ ವಯಸ್ಸಿನಲ್ಲಿ ಉಳಿ ಹಿಡಿದ ತಾಣವದು. ಅಲ್ಲಿಯ ಶಾಸನವನ್ನು ರಚಿಸಿದವನು ಜೈನಕವಿಯಾದ ಜನ್ನ. ಶಿವನಿಗೆ ನಿತ್ಯವೂ ನೈವೇದ್ಯ ನಡೆಯತಕ್ಕ ಗುಡಿಯ ಕಲ್ಲಿನಲ್ಲಿ ಯಾವ ದೇವತೆಗೂ ಆಹುತಿಯನ್ನು ಒಪ್ಪದ ಮತದವನ ಪದ್ಯಗಳು ನಿಂತಿರುವುದನ್ನು ನೋಡಿ ನನಗೆ ಆ ಕಾಲದ ಮೇಲೆ ಗೌರವ ಹೆಚ್ಚಿತು. ಆ ಶಾಸನದ ಹತ್ತು ಹನ್ನೆರಡು ವರ್ಷಗಳ ತರುವಾಯ, 1209ರಲ್ಲಿ, ಅದೇ ಜನ್ನನು ಯಶೋಧರಚರಿತೆಯನ್ನು ಬರೆದನು.

ಆ ಚಿಕ್ಕ ಕಾವ್ಯವನ್ನು ಪಕ್ಷಮಾಸದ ರಾತ್ರಿಗಳಲ್ಲಿ ಓದುವುದಕ್ಕೆ ಎದೆ ಗಟ್ಟಿಯಿರಬೇಕು. ದುಃಸ್ವಪ್ನಶಾಂತಿಗೆಂದು ಪ್ರಾಣಿಬಲಿಯನ್ನು ಕೊಡು ಎನ್ನುವ ತಾಯಿ ಚಂದ್ರಮತಿ, ಕೊಲ್ಲಲಾರೆನೆನ್ನುವ ಮಗ ಯಶೋಧರ, ಇಬ್ಬರ ನಡುವೆ ಒಂದು ರಾಜಿ: ಹಿಟ್ಟಿನ ಕೋಳಿ. ಅದನ್ನು ಕಡಿದಾಗ ಅದರೊಳಗೆ ಹೊಕ್ಕಿದ್ದ ಬೆಂತರವು ಕೋಳಿಯ ದನಿಯಲ್ಲಿ ಕೂಗುತ್ತದೆ. ರಾಣಿ ಅಮೃತಮತಿಯಿಟ್ಟ ವಿಷದೂಟಕ್ಕೆ ತಾಯಿಮಗ ಇಬ್ಬರೂ ಬಲಿಯಾಗಿ, ನವಿಲು ನಾಯಿಗಳಾಗಿ ಮೊದಲುಗೊಂಡು ಜನ್ಮದ ಮೇಲೆ ಜನ್ಮವೆತ್ತಿ ಕೊಲ್ಲುತ್ತಾ ಕೊಲ್ಲಿಸಿಕೊಳ್ಳುತ್ತಾ ಹೋಗುತ್ತಾರೆ. ಆ ಜನ್ಮಪರಂಪರೆಯಲ್ಲಿ ಯಶೋಧರನು ಮೀನಾಗಿ ಹುಟ್ಟಿ, ತನ್ನ ಮಗನು ತನ್ನ ಹೆಸರಿನಲ್ಲಿಯೇ ಮಾಡುವ ಶ್ರಾದ್ಧಕ್ಕೆ ಅಡುಗೆಯಾಗುತ್ತಾನೆ. ಪಿತೃವನ್ನು ತೃಪ್ತಿಪಡಿಸಲೆಂದು ಪಿತೃವನ್ನೇ ಬೇಯಿಸುತ್ತಿರುವ ಆ ಅಡುಗೆಮನೆಗಿಂತ ಭಯಂಕರವಾದುದನ್ನು ನಾನು ಕನ್ನಡದಲ್ಲಿ ಓದಿಲ್ಲ. ಜೀವವಿಲ್ಲದ ಹಿಟ್ಟನ್ನು ಕಡಿದುದಕ್ಕೆ ಇಷ್ಟು ದಂಡವೇ ಎಂದು ಕೇಳಿದರೆ, ಕೈ ಹಿಟ್ಟನ್ನು ಕಡಿಯಿತು, ಮನಸ್ಸು ಕೋಳಿಯನ್ನು ಕಡಿಯಿತು ಎಂಬುದೇ ಜೈನಧರ್ಮದ ಉತ್ತರ. ಸಂಕಲ್ಪಹಿಂಸೆಯೂ ಹಿಂಸೆಯೇ.

ಹೀಗೆ ಚಂಡಿ ಒಂದು ತುದಿಗೆ, ಯಶೋಧರ ಇನ್ನೊಂದು ತುದಿಗೆ ಬಂದು ನಿಂತರು. ಅವಳಲ್ಲಿ ಕ್ರಿಯೆ ಶುದ್ಧ, ಭಾವ ವಿಪರೀತ; ಅವನಲ್ಲಿ ಕ್ರಿಯೆ ನಿರಪಾಯ, ಭಾವ ದುಷ್ಟ. ಜನ್ನನ ತೀರ್ಪನ್ನು ಪೂರ್ತಿಯಾಗಿ ಒಪ್ಪುವುದಕ್ಕೆ ನನ್ನ ಮನಸ್ಸು ಒಡಂಬಡಲಿಲ್ಲವೆಂಬುದನ್ನು ಹೇಳಲೇಬೇಕು. ಅದೇ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರ ಸಂಪ್ರದಾಯವು ಯಾಗದಲ್ಲಿ ಪಿಷ್ಟಪಶುವನ್ನು ಅಂಗೀಕರಿಸಿ ಎಷ್ಟೋ ಪ್ರಾಣಿಗಳ ಕೊರಳನ್ನು ಉಳಿಸಿತು. ನಮ್ಮ ಪೇಟೆಗಳಲ್ಲಿ ಇಂದಿಗೂ ಆಯುಧಪೂಜೆಯ ದಿನ ಲಾರಿ ಬಸ್ಸುಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆಯುವವರಲ್ಲಿ ಯಾರ ಮನಸ್ಸಿನಲ್ಲಿಯೂ ಕೊಲೆಯಿಲ್ಲ. ಅದೇ ಹಿಟ್ಟು ಒಂದು ಕಡೆ ಹಿಂಸೆಯಿಂದ ಹೊರಬರುವ ಬಾಗಿಲಾಯಿತು, ಇನ್ನೊಂದು ಕಡೆ ಒಳಹೋಗುವ ಬಾಗಿಲಾಯಿತು. ವ್ಯತ್ಯಾಸವಿರುವುದು ಇಲ್ಲಿ ಎಂದು ನನಗೆ ತೋರುತ್ತದೆ: ಯಶೋಧರನು ಏನನ್ನೂ ಬಿಡಲಿಲ್ಲ. ತಾಯಿಯ ಪ್ರೀತಿಯೂ ಬೇಕು, ಅಹಿಂಸೆಯ ಕೀರ್ತಿಯೂ ಬೇಕು, ಕನಸಿನ ಭಯದಿಂದ ಬಿಡುಗಡೆಯೂ ಬೇಕು ಎಂದು ಎಲ್ಲವನ್ನೂ ಹಿಡಿದುಕೊಂಡೇ ಕತ್ತಿಯನ್ನು ಎತ್ತಿದನು. ಶಬರಸ್ವಾಮಿಯ ಒರೆಗಲ್ಲಿಗೆ ತಿಕ್ಕಿದರೂ ಅದು ಯಾಗವಾಗದು, ಏಕೆಂದರೆ ಅಲ್ಲಿ ಸ್ವತ್ವತ್ಯಾಗವೇ ಇಲ್ಲ. ಮಡಿಯುಟ್ಟು ಕುಳಿತು, ಹಬೆಯನ್ನು ಮೂಸಿ, ಮೊದಲ ರುಚಿಯನ್ನು ಬಿಟ್ಟುಕೊಡುವ ಹೆಂಗಸಿನಲ್ಲಿ ಆ ತ್ಯಾಗ ಇದೆ. ಅದು ಅಲ್ಪವೆಂಬುದು ನಿಜ, ಒಂದು ಗಳಿಗೆಯ ಅವಧಿಯದು. ಆದರೆ ಹಸಿದವರಿಗೆ ಆ ಒಂದು ಗಳಿಗೆ ಎಷ್ಟು ದೀರ್ಘವೆಂಬುದನ್ನು ಏಕಾದಶಿ ಮಾಡಿದವರೆಲ್ಲರೂ ಬಲ್ಲರು.

ಆಶ್ವಯುಜದ ಹುಣ್ಣಿಮೆ ಬಂದಿತು. ಬಯಲುಸೀಮೆಯಲ್ಲಿ ಅದನ್ನು ಸೀಗೆಹುಣ್ಣಿಮೆಯೆಂದೂ ತರೀಕೆರೆಯಿಂದಾಚೆಗೆ ಮಲೆನಾಡಿನ ಕಡೆ ಭೂಮಿಹುಣ್ಣಿಮೆಯೆಂದೂ ಕರೆಯುತ್ತಾರೆ. ಪೈರು ತೆನೆಗಟ್ಟುವ ಕಾಲವಾದುದರಿಂದ ಭೂಮಿಯು ಬಸುರಿ. ಬಸುರಿಗೆ ಬಯಕೆಯ ಊಟ ಬೇಕು. ಹಿಂದಿನ ರಾತ್ರಿ ಹೆಂಗಸರು ನಿದ್ದೆಗೆಟ್ಟು ನಾನಾ ಬಗೆಯ ಸೊಪ್ಪುಗಳನ್ನೂ ಕಾಯಿಗಳನ್ನೂ ಕೂಡಿಸಿ ಬೇಯಿಸಿ ಅನ್ನದೊಂದಿಗೆ ಕಲಸುತ್ತಾರೆ, ಕಡುಬು ಕಟ್ಟುತ್ತಾರೆ; ಬೆಳಗಿನ ಜಾವಕ್ಕೆ ಗಂಡಸರು ಬುಟ್ಟಿಯನ್ನು ಹೊತ್ತು ಹೊಲದ ಸುತ್ತಲೂ ಚರಗ ಚೆಲ್ಲುತ್ತಾ, ಹಾಡಿನಂಥ ಮಾತಿನಲ್ಲಿ ಭೂತಾಯಿಯನ್ನು ಉಣ್ಣೆಂದು ಕರೆಯುತ್ತಾ ಹೋಗುತ್ತಾರೆ. ಒಂದು ಪಾಲನ್ನು ಕಾಗೆಗೆ ಇಡುವರು, ಒಂದು ಪಾಲನ್ನು ಮಣ್ಣಿನಲ್ಲಿ ಹೂಳುವರು. ನೆಂಟರ ಗದ್ದೆಯ ಬದುವಿನ ಮೇಲೆ ಬೆಳಕು ಹರಿಯುವ ತನಕ ಕುಳಿತು ನೋಡಿದೆನು. ಮೊದಲು ಬಂದುದು ಇರುವೆ. ಕಡುಬಿನ ಒಡೆದ ಅಂಚಿನಿಂದ ಒಂದೊಂದೇ ಅಗುಳನ್ನು ಎರಡು ಮೂರು ಇರುವೆಗಳು ಕೂಡಿ ಎಳೆದುಕೊಂಡು ಸಾಲು ಹಿಡಿದವು. ತರುವಾಯ ಕಾಗೆಗಳು ಬಂದವು; ಅಡಕೆಯ ಮರದಿಂದ ಅಳಿಲೊಂದು ಇಳಿದು, ಎರಡು ಕೈಗಳಲ್ಲಿ ಕುಂಬಳದ ಹೋಳನ್ನು ಹಿಡಿದುಕೊಂಡು, ಸುತ್ತಲೂ ನೋಡುತ್ತಾ ತಿಂದಿತು.

ಮೀಮಾಂಸಕನಿಗೆ ಕೊಡಬೇಕಾದ ಉತ್ತರದ ಅರ್ಧ ನನಗೆ ಅಲ್ಲಿ ದೊರೆಯಿತು. ದೇವತೆ ಉಣ್ಣುವುದಿಲ್ಲವೆಂಬುದನ್ನು ಅವನು ದೇವತೆಗೆ ಶರೀರವಿಲ್ಲವೆಂಬ ಹೇತುವಿನಿಂದ ಸಾಧಿಸುತ್ತಾನೆ. ಈ ದೇವತೆಗೋ ಶರೀರವಿದೆ, ಅದನ್ನು ಉಳುತ್ತೇವೆ, ತುಳಿಯುತ್ತೇವೆ, ಅದಕ್ಕೆ ಸಹಸ್ರಾರು ಬಾಯಿಗಳಿವೆ. ಎಡೆಯ ಅನ್ನ ನಮ್ಮ ಮನೆಗಳಲ್ಲಿ ಮರಳಿ ನಮ್ಮ ಎಲೆಗೇ ಬರುವುದರಿಂದ ಕೊಟ್ಟೆವೋ ಇಲ್ಲವೋ ಎಂಬ ಸಂದೇಹಕ್ಕೆ ಅವಕಾಶವಿದೆ. ಚರಗವು ಮರಳಿ ಬಾರದು. ವಿದ್ವಾಂಸರು ಶಾಸ್ತ್ರದಲ್ಲಿ ಬಿಡಿಸಲು ಹೆಣಗಿದ ಗಂಟನ್ನು ಒಕ್ಕಲುಮಕ್ಕಳು ಬುಟ್ಟಿ ಹೊತ್ತು ಹೊಲಕ್ಕೆ ನಡೆದು ಬಿಡಿಸಿದ್ದಾರೆಂದು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ.

ದೀಪಾವಳಿಗೆ ಅಜ್ಜಂಪುರ. ಅಲ್ಲಿಯ ಅಮೃತಮಹಲ್ ತಳಿಯ ಕ್ಷೇತ್ರದ ವಿಚಾರ ನಾಡಿಗೆಲ್ಲ ತಿಳಿದದ್ದೇ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಅದರ ಎತ್ತುಗಳು ಸೈನ್ಯದ ಫಿರಂಗಿಗಳನ್ನು ಎಳೆದವು. ಈ ಹಸುಗಳು ಕೊಡುವ ಹಾಲು ಸ್ವಲ್ಪ, ಅದರಲ್ಲಿಯೂ ಹೆಚ್ಚಿನ ಪಾಲು ಕರುವಿಗೇ. ಹಬ್ಬದ ದಿನ ಹಟ್ಟಿಯಲ್ಲಿ ಸಗಣಿಯ ಲಕ್ಕಮ್ಮನನ್ನು ಇಟ್ಟು, ಚೆಂಡುಹೂ ಮುಡಿಸಿ, ದನಗಳಿಗೆ ಹೋಳಿಗೆಯನ್ನು ತಿನ್ನಿಸಿದ ಮೇಲೆ ಮನೆಯವರು ಎಲೆಯ ಮುಂದೆ ಕುಳಿತರು. ಮೊದಲ ತುತ್ತು ಯಾರದೆಂಬ ವಿಚಾರದಲ್ಲಿ ಅಲ್ಲಿ ಚರ್ಚೆಯೇ ಇಲ್ಲ.

ಮಾಘದ ಕೃಷ್ಣ ಚತುರ್ದಶಿಯಂದು, ಶಿವರಾತ್ರಿಯ ಉಪವಾಸದ ರಾತ್ರಿ, ಕಡೂರಿನ ಶಿಲಾಸ್ತಂಭದ ಶಾಸನವನ್ನು ಓದಿದೆನು. 971ರ ಆ ಶಾಸನವು ಗಂಗರ ಬೂತುಗನ ಅಕ್ಕ ಪಾಂಬಬ್ಬೆಯದು. ಅರಮನೆಯಲ್ಲಿ ಹುಟ್ಟಿದ ಆ ಮಹಾತಾಯಿ ಕೇಶಲೋಚನ ಮಾಡಿಕೊಂಡು 30 ವರ್ಷ ತಪಸ್ಸಿನಲ್ಲಿದ್ದು, ಪಂಚವ್ರತಗಳನ್ನು ಪಾಲಿಸಿ ದೇಹವನ್ನು ಬಿಟ್ಟಳೆಂದು ಅದು ಹೇಳುತ್ತದೆ. ಹಬ್ಬಗಳ ವರ್ಷದ ಕೊನೆಯಲ್ಲಿ ಹಬ್ಬವೇ ಇಲ್ಲದ 30 ವರ್ಷಗಳನ್ನು ಕುರಿತು ಯೋಚಿಸುವುದು ಮೊದಲು ಕಠಿನವಾಗಿ ತೋರಿತು. ನಾವು ಬಿಡುವುದು ಒಂದು ಗಳಿಗೆಯ ರುಚಿಯನ್ನು. ಆಕೆ ಬಿಟ್ಟುದು ರುಚಿ ಎಂಬುದನ್ನೇ.

ಆದರೆ ಜೈನ ತಪಸ್ವಿಗಳ ಆಹಾರದ ನಿಯಮವೊಂದಿದೆ. ತಮ್ಮನ್ನು ಉದ್ದೇಶಿಸಿ ಮಾಡಿದ ಅಡುಗೆಯನ್ನು ಅವರು ಸ್ವೀಕರಿಸಬಾರದು. ಗೃಹಸ್ಥನು ತನಗಾಗಿ ಮಾಡಿಕೊಂಡುದರಲ್ಲಿ ತನ್ನ ಪಾಲನ್ನು ಕಡಿಮೆ ಮಾಡಿ ಕೊಟ್ಟರೆ, ದಿನಕ್ಕೆ ಒಂದು ಹೊತ್ತು ಅಂಗೈಯಲ್ಲಿ ಪಡೆದು ಉಣ್ಣಬೇಕು. ಶಬರಸ್ವಾಮಿಯ ಯಾಗದಲ್ಲಿ ಉದ್ದೇಶವಿದೆ, ಉಣ್ಣುವವರಿಲ್ಲ; ಇಲ್ಲಿ ಉಣ್ಣುವವರಿದ್ದಾರೆ, ಉದ್ದೇಶಕ್ಕೆ ನಿಷೇಧವಿದೆ. ಎರಡು ಮತಗಳು ವಿರುದ್ಧ ದಿಕ್ಕಿನಿಂದ ನಡೆದು ಬಂದು ಬಿಟ್ಟುಕೊಡುವುದೆಂಬ ಒಂದೇ ಹೊಸಿಲಿನಲ್ಲಿ ಸಂಧಿಸಿದವು. ದೇವತೆ ಉಣ್ಣುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ಈಗ ಹಾಗೆ ಕೇಳಲಾರೆನು. ಕೊಟ್ಟವನ ಎಲೆಯಲ್ಲಿ ಕಡಿಮೆಯಾಯಿತೇ ಎಂದು ಕೇಳಬೇಕು. ಪಾಂಬಬ್ಬೆಯು ಆ 30 ವರ್ಷಗಳಲ್ಲಿ ಯಾವ ಯಾವ ಊರುಗಳಲ್ಲಿ ಸಂಚರಿಸಿದಳೋ ಅಲ್ಲೆಲ್ಲ ಪ್ರತಿಯೊಂದು ದಿನವೂ ಯಾವುದೋ ಒಂದು ಮನೆಯವರು ತಮಗೆಂದು ಮಾಡಿಕೊಂಡ ಅನ್ನದಲ್ಲಿ ಅಷ್ಟನ್ನು ತೆಗೆದು ಆಕೆಯ ಕೈಗೆ ಹಾಕಿ, ಉಳಿದುದನ್ನು ತಾವು ಉಂಡಿರಬೇಕು. ಶಾಸನಕವಿಯು ಅವರ ಹೆಸರನ್ನು ಬರೆಯಲಿಲ್ಲವಾದರೂ ಕಲ್ಲಿನಲ್ಲಿ ನಿಂತ ಆ ವ್ರತವು ಅವರ ಒಲೆಗಳಿಲ್ಲದೆ ನಡೆಯುವುದು ಶಕ್ಯವಿರಲಿಲ್ಲ.